ನಮ್ಮ ಯಜಮಾನರ ತಲೆ ಎಣಿಕೆ

ತೀರಿಹೋಗುವ ಹಿಂದಿನ ದಿನವೂ ನಮ್ಮ ಯಜಮಾನರು ಊರಿನ ತಲೆ ಎಣಿಸುತ್ತಿದ್ದರು. ನಮ್ಮೂರು ಕೊಳ್ಳೇಗಾಲ ಕ್ಷೇತ್ರ, ಕೆರೆಯಾಚೆಯ ನನ್ನ ತವರು ಹನೂರು ಕ್ಷೇತ್ರ. ಏರಿ ಒಡೆದರೆ ಇಬ್ಬರು ಎಮ್ಮೆಲ್ಲೆಗಳೂ ಆಚೆಯವರನ್ನು ಕೇಳಿ ಎನ್ನುತ್ತಾರೆ. ಜನಗಣತಿಯಾಗಿ ಕ್ಷೇತ್ರದ ಗೆರೆ ಹೊಸದಾಗಿ ಎಳೆಯುವಾಗ ಎರಡೂರನ್ನೂ ಒಂದು ಮಾಡಿ ಎಂದು ತಲೆಲೆಕ್ಕದ ಸಮೇತ ಅರ್ಜಿ ಕೊಡಬೇಕೆಂಬುದು ಅವರ ಹಟ.

ಮನುಷ್ಯರನ್ನು ಎಣಿಸಿದರೆ ಆಯಸ್ಸು ಸವೆಯುತ್ತದೆಂದು ನಮ್ಮಲ್ಲಿ ಅಂಜಿಕೆ. ಅದಕ್ಕೆ ತಲೆಗೊಂದು ಅವರೆಕಾಳು ಮಡಕೆಗೆ ಹಾಕುತ್ತಿದ್ದರು.

“ನಂಗ್ಯಾಕೆ ಎರಡು ಕಾಳು?” ಅಂದೆ.

“ನಿನ್ನ ಬಾಯ್ಗೊಂದು ಬ್ಯಾರೆ ಕಣಮ್ಮಿ” ಅಂದರು.

ಬೆಳಗಾದರೆ ಅವರು ಏಳಲಿಲ್ಲ. ತಿಥಿ ಮುಗಿಸಿ, ಕಾಳು ಎಣಿಸಿ, ಅರ್ಜಿಗೆ ನಾನೇ ಸೈನು ಹಾಕಿ ಕೊಟ್ಟೆ. ಅವರ ಕಾಳು ತೆಗೆಯಲಿಲ್ಲ.

ಈಗಲೂ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕುವಾಗ, ಪೇಪರ್ ಓದುವ ಸೆಕ್ರೆಟರಿಯನ್ನು ಕೇಳುತ್ತೇನೆ: “ಗೆರೆ ಎಳುದ್ರಾ ಸಾ?”