ಅರವತ್ತು ಮಂದಿಗೆ ರೊಟ್ಟಿ ಕೇಳಿದ ಪದ್ಮವ್ವ

ಜಮಖಂಡಿಯ ಹಳೆಯ ವಸತಿ ನಿಲಯವೊಂದರ ಹಿತ್ತಲು. ಮೂಡಲು ಇನ್ನೂ ಕೆಂಪಾಗಿಲ್ಲ. ಪದ್ಮವ್ವ ಒಲೆಯ ಮುಂದೆ ಕುಳಿತು ಊದುಗೊಳವೆಗೆ ಬಾಯಿ ಹಚ್ಚಿದ್ದಾರೆ. ಹಸಿ ಕಟ್ಟಿಗೆ ಒಂದಿಷ್ಟು ಹೊಗೆ ಕಾರಿ ಕೊನೆಗೆ ಹೊತ್ತಿಕೊಳ್ಳುತ್ತದೆ. ಒಲೆಯ ಮೇಲೆ ಬೋಗುಣಿ ತುಂಬ ನೀರು, ಪಕ್ಕದ ಕಟ್ಟೆಯ ಮೇಲೆ ನೆನೆದು ಉಬ್ಬಿದ ಮಡಕಿ ಕಾಳು. ಮೇಲಿನ ಮಾಳಿಗೆಯಲ್ಲಿ ಯಾರೋ ವಿದ್ಯಾರ್ಥಿ ಅಡ್ಡಾಡುತ್ತ ರಸಾಯನಶಾಸ್ತ್ರದ ಮೂಲವಸ್ತುಗಳನ್ನು ಬಾಯಿಪಾಠ ಮಾಡುತ್ತಿದ್ದಾನೆ.

“ಸುರು ಮಾಡಿದ ನೋಡ್ರಿ,” ಎಂದು ನಗುತ್ತಾರೆ ಪದ್ಮವ್ವ. “ದಿನಾ ಮುಂಜಾನೆದ್ದು ಮಂತ್ರ ಹೇಳಿದಂಗ ಹೇಳ್ತಾನ. ನಾ ಕೇಳ್ಕೋತ ಕಾಳು ತೊಳೀತೇನಿ. ಅವಂದು ಮೊದಲ ಮುಗೀತು ಅಂದ್ರ ಅವತ್ತ ನನ್ನ ಕೆಲಸ ಹಿಂದ ಬಿದ್ದೈತಿ ಅಂತ ತಿಳೀಬೇಕು.”

ಅಷ್ಟರಲ್ಲಿ ಮಹಾಲಿಂಗಪುರದ ಮೊದಲ ಬಸ್ಸು ಬಂದ ಸುದ್ದಿ ಬರುತ್ತದೆ. ಬಸ್ಸಿನ ಮೇಲಿಂದ ಇಳಿದ ಎರಡು ಬುಟ್ಟಿಗಳನ್ನು ಪದ್ಮವ್ವನ ಗಂಡ ಮಾಳಿಂಗರಾಯ ಸೈಕಲ್ಲಿಗೆ ಕಟ್ಟಿ ತರುತ್ತಾರೆ. ಬಿಳಿ ಅರಿವೆ ಸರಿಸಿದರೆ ಒಳಗೆ ಖಡಕ್ ಜೋಳದ ರೊಟ್ಟಿ. ಯಾರ ಮನೆಯವು ಎಂದು ಬುಟ್ಟಿಯ ಮೇಲೆ ಬರೆದಿಲ್ಲ. ಬರೆಯಬಾರದು ಎಂಬುದೇ ಇಲ್ಲಿಯ ಕಟ್ಟಳೆ. ಅದು ಹುಟ್ಟಿದ್ದು ಪದ್ಮವ್ವನಿಂದ.

ಪ್ರತಿ ವರ್ಷ ದಸರೆಯ ರಜೆಯಲ್ಲಿ ಇಲ್ಲಿ ಪಿಯುಸಿ ವಿಜ್ಞಾನದ ಮಕ್ಕಳಿಗೆ ಹತ್ತು ದಿನಗಳ ವಸತಿ ಶಿಬಿರ ನಡೆಯುತ್ತದೆ. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನ ಭೌತಶಾಸ್ತ್ರದ ಮುಂದೆ ಬಾಯಿ ಕಟ್ಟಿ ನಿಲ್ಲುವ ಮಕ್ಕಳಿಗಾಗಿ ನಿವೃತ್ತ ಉಪನ್ಯಾಸಕ ಚಿದಾನಂದ ಅವರು ೨೦೦೩ರಲ್ಲಿ ಇದನ್ನು ಆರಂಭಿಸಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮಕ್ಕಳು ಬರುತ್ತಾರೆ. ಪಾಠ ಹೇಳುವವರು ಸಂಬಳ ಕೇಳುವುದಿಲ್ಲ. ಹಾಸಿಗೆಗೆ ಬನಹಟ್ಟಿಯ ನೇಕಾರರು ಚಾದರ ಕಳಿಸುತ್ತಾರೆ. ಊಟ ಮಾತ್ರ ಊರವರದು, ಅದನ್ನು ಕೂಡಿಸಿ ಬಡಿಸುವ ಕೈ ಪದ್ಮವ್ವನದು.

ಪದ್ಮವ್ವ ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರವರು. ಕುರಿ ಸಾಕಿದ ಮನೆತನ. ಬೀರೇಶ್ವರನ ಗುಡಿಗೆ ಬಂದ ಕುರಿಗಾರರು ಇವರ ಮನೆಯಲ್ಲಿ ಉಣ್ಣದೆ ಹೋಗುತ್ತಿರಲಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಊರು ಹೋಯಿತು, ಕುರಿ ಮೇಯುವ ದಂಡೆಯೂ ಹೋಯಿತು. ತಗಡಿನ ಶೆಡ್ಡಿನಲ್ಲಿದ್ದ ಆ ದಿನಗಳಲ್ಲಿ ಯಾರೋ ಪುಣ್ಯವಂತರು ಗಾಡಿಯಲ್ಲಿ ಅನ್ನ ತಂದರಂತೆ.

“ಬಿಸಿಲಾಗ ಸಾಲು ಹಚ್ಚಿದ್ರು. ತಾಟ ಮುಂದ ಹಿಡದು ಅವರಿಗೆ ಜೈ ಅನಬೇಕು, ಒಬ್ಬ ಫೋಟೋ ಹೊಡೀತಿದ್ದ. ನಂದು ಪಾಳಿ ಬಂದಾಗ ಬಾಯಿ ಬರಲಿಲ್ರಿ. ತಾಟ ಕೆಳಗಿಟ್ಟು ಬಂದೆ. ಅವತ್ತ ನಮ್ಮ ಹುಡುಗ್ರು ಹಸದು ಮಲಗಿದ್ವು. ಇವರು ನನ್ನ ಬೈಲಿಲ್ಲ, ಆದ್ರ ಮಾತೂ ಆಡಲಿಲ್ಲ,” ಎಂದು ಗಂಡನ ಕಡೆ ನೋಡುತ್ತಾರೆ. ಮಾಳಿಂಗರಾಯ ಬುಟ್ಟಿ ಇಳಿಸುವುದರಲ್ಲೇ ಇರುತ್ತಾರೆ.

ಮುಂದೆ ಮಾಳಿಂಗರಾಯರಿಗೆ ಜಮಖಂಡಿಯಲ್ಲಿ ಕಾವಲು ಕೆಲಸ ಸಿಕ್ಕಿತು, ಪದ್ಮವ್ವನಿಗೆ ಈ ನಿಲಯದ ಅಡುಗೆಮನೆ. ಶಿಬಿರ ಶುರುವಾದಾಗ ಅದರ ಅಡುಗೆಯೂ ಅವರ ಪಾಲಿಗೇ ಬಂತು.

ಎರಡನೆಯ ವರ್ಷದ ಶಿಬಿರದ ಇಡೀ ಊಟದ ಹೊಣೆ ಹೊತ್ತವರು ಬಾಳಾಸಾಹೇಬ ಎಂಬ ಸಾವುಕಾರರು. ಕೈ ಬಿಗಿ ಹಿಡಿದವರಲ್ಲ. ಅಕ್ಕಿ, ಬೇಳೆ, ತುಪ್ಪ ಎಲ್ಲವೂ ಧಾರಾಳ. ಆದರೆ ಮಧ್ಯಾಹ್ನದ ಊಟಕ್ಕೆ ಅವರು ತಮ್ಮ ಬೀಗರನ್ನೋ ಸ್ನೇಹಿತರನ್ನೋ ಕರೆದುಕೊಂಡು ಬರುವವರೆಗೆ ಯಾರೂ ತುತ್ತೆತ್ತುವಂತಿರಲಿಲ್ಲ. ಅವರು ಬಂದ ಮೇಲೆ ಮಕ್ಕಳು ತಾಟು ಹಿಡಿದು ಎದ್ದುನಿಂತು, ಅನ್ನದಾತರಿಗೆ ಜೈ ಎಂದು ಹೇಳಿ ಕೂರಬೇಕು. ಬಂದವರು ನೋಡಿ ತಲೆದೂಗಿ ಹೋಗುತ್ತಿದ್ದರು.

ಮೂರನೆಯ ದಿನ ರಬಕವಿಯ ಪೂನಮ್ ಎಂಬ ಹುಡುಗಿ ಊಟಕ್ಕೆ ಬರಲಿಲ್ಲ. ತಲೆ ನೋವು ಎಂದಳು. ಮರುದಿನವೂ ಅದೇ ಮಾತು. ಪದ್ಮವ್ವ ಕೋಣೆಗೆ ಹೋಗಿ ನೋಡಿದರೆ ಅವಳು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಳೆ.

“ಯಾಕಬೇ ತಂಗಿ, ಎಲ್ಲಿಗೆ ಹೊಂಟಿ?”

“ಊರಿಗ್ರಿ ಅವ್ವ.”

“ಪಾಠ ತಿಳೀವಲ್ದನ?”

“ಪಾಠ ಛಲೋ ತಿಳೀತಾವ್ರಿ. ನಮ್ಮಪ್ಪ ಮಗ್ಗದಾಗ ದುಡೀತಾನ. ನಮ್ಮ ಮನ್ಯಾಗ ಒಮ್ಮೊಮ್ಮೆ ಬರೇ ರೊಟ್ಟಿ ಖಾರ ತಿಂದೇವಿ. ಆದ್ರ ತಾಟ ಹಿಡಕೊಂಡು ಯಾರಿಗೂ ಜೈ ಅಂದಿಲ್ಲ.”

ಆ ವರ್ಷ ಬಂದಿದ್ದ ಹುಡುಗಿಯರೇ ಕೆಲವರು. ಒಬ್ಬಳು ಹೊರಟರೆ ಉಳಿದವರನ್ನೂ ಮನೆಯವರು ಕರೆಸಿಕೊಳ್ಳಬಹುದಿತ್ತು. ಪದ್ಮವ್ವ ಅದನ್ನೆಲ್ಲ ಲೆಕ್ಕ ಹಾಕಲಿಲ್ಲ. “ನಾಳಿ ಒಂದಿನ ತಡಿ. ನಾ ನೀಡ್ತೇನಿ, ಉಂಡು ಹೋಗು,” ಎಂದಷ್ಟೇ ಹೇಳಿ ಬಂದರು.

ಮರುದಿನ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಅವರು ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ ಬಡಿಸಿಬಿಟ್ಟರು. ಬಾಳಾಸಾಹೇಬರು ನಾಲ್ಕು ಮಂದಿ ಅತಿಥಿಗಳೊಂದಿಗೆ ಬಂದಾಗ ಮಕ್ಕಳು ಮಜ್ಜಿಗೆ ಅನ್ನ ಕಲಸುತ್ತಿದ್ದರು. ಯಾರೂ ಏಳಲಿಲ್ಲ. ಎದ್ದೇಳಲು ಹೋದ ಒಂದಿಬ್ಬರಿಗೆ ಪದ್ಮವ್ವ, “ಎಂಜಲಗೈಲೆ ಏಳಬಾರ್ದು, ಕುಂದರ್ರಿ,” ಎಂದರು.

“ಯಾರ ಹೇಳ್ಯಾರ ನಿನಗ ನೀಡು ಅಂತ?” ಸಾವುಕಾರರು ಕೇಳಿದರು.

“ಹಸಿವು ಆಗಿತ್ರಿ ಅವಕ್ಕ.”

“ನನ್ನ ಅನ್ನ ಉಂಡು ನನ್ನ ಹೆಸರ ತಗೋಳಾಕ ನಾಚಿಕಿ ಬರ್ತೈತೇನು?”

“ಅನ್ನ ನಿಮ್ದ ಖರೆ ಐತ್ರಿ ಯಪ್ಪಾ. ಉಣ್ಣೂವಾಗರ ಹುಡುಗ್ರಿಗೆ ಅದನ್ನ ಮರೀಲಿಕ್ಕೆ ಬಿಡ್ರಿ.”

ಸಾವುಕಾರರು ಬಂದ ದಾರಿಯಲ್ಲೇ ಹಿಂದಿರುಗಿದರು. ಸಂಜೆಯ ಹೊತ್ತಿಗೆ ಆಳುಗಳು ಬಂದು ಉಗ್ರಾಣದಲ್ಲಿದ್ದ ಚೀಲಗಳನ್ನು ಗಾಡಿಗೆ ಹೇರಿದರು. ಚಿದಾನಂದ ಮಾಸ್ತರರು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದು ಕುಳಿತು, “ಏನ್ ಮಾಡಿದಿ ಪದ್ಮವ್ವಾ? ಶಿಬಿರ ಇನ್ನೂ ಅರ್ಧ ಉಳದೈತಿ. ನಾಳಿ ಮಕ್ಕಳಿಗೆ ಏನ್ ಉಣಸ್ತಿ?” ಎಂದರು.

“ಅಂಜಿಕಿ ಬಂತ್ರಿ ಆಗ,” ಎನ್ನುತ್ತಾರೆ ಪದ್ಮವ್ವ ಇಂದು. “ಶೆಡ್ಡಿನಾಗ ನನ್ನ ಹುಡುಗ್ರ ಅಷ್ಟ ಹಸದಿದ್ವು. ಈಗ ಕಂಡವರ ಮಕ್ಕಳು, ಅರವತ್ತು ಮಂದಿ. ನನ್ನ ಸಿಟ್ಟಿಗೆ ಅವು ಯಾಕ ಉಪಾಸ ಬೀಳಬೇಕು? ತಾಟ ಕೆಳಗಿಡೂದು ಸರಳ ಐತ್ರಿ. ಮುಂದ?”

ದೀಪ ಹಚ್ಚುವ ಹೊತ್ತಿಗೆ ಅವರು ಖಾಲಿ ಬುಟ್ಟಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಓಣಿಗೆ ನಡೆದರು. ಮೊದಲ ಮನೆ ಶಿವಗಂಗವ್ವನದು. ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ಬಂದರು. ದಾನ ಕೊಡಿ ಎನ್ನಲು ನಾಲಿಗೆ ಏಳಲಿಲ್ಲ. ಮತ್ತೆ ಹೋಗಿ, ಮನೆಗೆ ನೆಂಟರು ಬಂದಾಗ ಒಬ್ಬರು ಇನ್ನೊಬ್ಬರಲ್ಲಿ ಕೇಳುವ ಹಾಗೆ ಕೇಳಿದರು.

“ಯಕ್ಕಾ, ನಮ್ಮಲ್ಲಿ ಮಂದಿ ಬಂದಾರ. ರೊಟ್ಟಿ ಕಡಮಿ ಬಿದ್ದಾವು. ನಾಕು ಇದ್ರ ಕೊಡು.”

“ಎಷ್ಟ ಮಂದಿ ಬಂದಾರಬೇ?”

“ಅರವತ್ತ.”

“ಅಯ್ಯ ಶಿವನ! ಯಾವೂರ ಬೀಗರವಾ ಅವರು?” ಎಂದು ಶಿವಗಂಗವ್ವ ನಕ್ಕೇಬಿಟ್ಟರಂತೆ. ವಿಷಯ ತಿಳಿದ ಮೇಲೆ ನಗು ನಿಲ್ಲಿಸಿ, ಗೂಡೆಯಲ್ಲಿದ್ದ ರೊಟ್ಟಿಗಳನ್ನೆಲ್ಲ ಬುಟ್ಟಿಗೆ ಹಾಕಿ, ತಾವೇ ಪಕ್ಕದ ಮನೆಯವರನ್ನು ಕೂಗಿದರು. ಓಣಿ ದಾಟುವುದರೊಳಗೆ ಬುಟ್ಟಿ ತುಂಬಿತು. ಒಬ್ಬರು ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟರು, ಇನ್ನೊಬ್ಬರು ಗಡಿಗೆ ಮೊಸರು. ಮರುದಿನ ಬೆಳಿಗ್ಗೆ ಕೇಳದೆಯೇ ಬೇರೆ ಓಣಿಯವರು ಬಂದರು. ಉಳಿದ ದಿನಗಳೂ ಹಾಗೇ ಸಾಗಿದವು. ಪೂನಮ್ ಚೀಲ ಬಿಚ್ಚಿದಳು.

ಎಲ್ಲವೂ ಸುಖವಾಗಿ ಮುಗಿಯಿತು ಎನ್ನುವಂತಿಲ್ಲ. ದೊಡ್ಡ ದಾನಿಯನ್ನು ಕಳೆದುಕೊಂಡದ್ದಕ್ಕೆ ಅಡುಗೆಯವಳನ್ನು ಬಿಡಿಸಬೇಕು ಎಂದು ಶಿಬಿರದ ಸಮಿತಿಯಲ್ಲಿ ಮಾತು ಬಂತು. “ನಾನೂ ಮೊದಲು ಸುಮ್ಮನೆ ಕೂತಿದ್ದೆ,” ಎಂದು ಚಿದಾನಂದ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಆಮ್ಯಾಲ ಒಬ್ಬರು, ಮುಂದಿನ ವರ್ಷಕ್ಕ ಇನ್ನೊಬ್ಬ ಸಾವುಕಾರನ್ನ ಹುಡುಕೂಣು ಅಂದ್ರು. ಅವರೂ ಬಂದು ಹುಡುಗ್ರನ್ನ ನಿಂದರಸಿದ್ರ ಏನ್ ಮಾಡೂದು ಅಂತ ನಾ ಕೇಳಿದೆ. ಬಿಡಸೂ ಮಾತು ಅಲ್ಲಿಗೇ ನಿಂತು ಹೋತು. ಪದ್ಮವ್ವನ ಬುಟ್ಟೀನ ಉಳೀತು.”

ಅಂದಿನಿಂದ ಒಬ್ಬರೇ ಪೂರ್ತಿ ಊಟ ಹಾಕುವುದು ಇಲ್ಲಿ ನಿಂತಿದೆ. ಒಂದು ಮನೆಯವರು ತಮ್ಮ ಒಲೆಯ ಮೇಲಿನ ಒಂದಿಷ್ಟು ರೊಟ್ಟಿಯನ್ನು ಹೆಸರು ಬರೆಯದೆ ಕಳಿಸಬಹುದು, ಅಷ್ಟೇ. ಮುಧೋಳದ ಹಳ್ಳಿಗಳಿಂದ ಬರುತ್ತವೆ, ಪದ್ಮವ್ವನ ಮುಳುಗಿದ ಊರಿನವರು ಈಗಿರುವ ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಿಂದಲೂ ಬರುತ್ತವೆ. ಮಹಾಲಿಂಗಪುರದ ಬುಟ್ಟಿಗಳ ಜೊತೆ ಬೆಲ್ಲದ ಅಚ್ಚು ಬರುತ್ತದೆ. ಕೆಲವು ವರ್ಷಗಳ ನಂತರ ಬಾಳಾಸಾಹೇಬರ ಮನೆಯ ಸೊಸೆಯರೂ ರೊಟ್ಟಿ ಬಡಿಯಲು ಕೂತರು ಎಂದು ಓಣಿಯಲ್ಲಿ ಹೇಳುತ್ತಾರೆ. ಸಾವುಕಾರರು ಮಾತ್ರ ಪದ್ಮವ್ವನ ಜೊತೆ ಈವರೆಗೆ ಮಾತಾಡಿಲ್ಲ.

ಪೂನಮ್ ಈಗ ಮುಧೋಳದಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ದಸರೆ ರಜೆಯಲ್ಲಿ ಇಲ್ಲಿಗೇ ಬಂದು ಪಾಠ ಹೇಳುತ್ತಾರೆ. “ಅವತ್ತು ನಾ ಬಸ್ ಹತ್ತಿದ್ದರ ವಿಜ್ಞಾನ ಬಿಡ್ತಿದ್ದೆ, ಅದರಾಗ ಅನುಮಾನ ಇಲ್ರಿ,” ಎನ್ನುತ್ತಾರೆ. ಪಾಠ ಮುಗಿದ ಮೇಲೆ ಪಂಕ್ತಿಯ ಕೊನೆಯಲ್ಲಿ ಕುಳಿತು ಊಟ ಮಾಡುತ್ತಾರೆ. ಪದ್ಮವ್ವ ಅವರಿಗೂ ಎಲ್ಲರಿಗೆ ಬಡಿಸಿದಷ್ಟೇ ಬಡಿಸುತ್ತಾರೆ.

ಪದ್ಮವ್ವನಿಗೆ ಈಗ ಅರವತ್ತರ ಹತ್ತಿರ. ಮಂಡಿ ನೋವಿದೆ, ಹೊಗೆಗೆ ಕಣ್ಣು ಉರಿಯುತ್ತದೆ. ಸನ್ಮಾನ ಮಾಡುತ್ತೇವೆ ಎಂದು ಬಂದವರನ್ನು ಎರಡು ಸಲ ಚಹಾ ಕುಡಿಸಿ ಕಳಿಸಿದ್ದಾರೆ. ಹಾಗಾದರೆ ಏನಾದರೂ ಬೇಕು ಅನಿಸುವುದೇ ಇಲ್ಲವೇ ಎಂದರೆ, ಕಾಳಿನ ಬೋಗುಣಿಯಲ್ಲಿ ಸೌಟು ಆಡಿಸುತ್ತಾರೆ.

“ಒಂದು ಐತ್ರಿ. ನಮ್ಮ ಪುನರ್ವಸತಿಯ ಹೆಣಮಕ್ಕಳು ಇಷ್ಟ ವರ್ಷ ಆತು, ರೊಟ್ಟಿ ಕಳಸ್ತಾರ. ತಿನ್ನೂ ಹುಡುಗ್ರ ಮಾರಿ ನೋಡಿಲ್ಲ. ಯಾರರ ಒಂದು ಟ್ರ್ಯಾಕ್ಟರ್ ಕೊಟ್ರ ಶಿಬಿರದ ಕಡೀ ದಿನ ಅವರನ್ನ ಕರ್ಕೊಂಡ ಬರ್ತೇನಿ. ಭಾಷಣ ಬ್ಯಾಡ, ಹಾರ ಬ್ಯಾಡ. ಹುಡುಗ್ರು ಎದ್ದು ನಿಂದ್ರೂದೂ ಬ್ಯಾಡ. ಸ್ವಲ್ಪ ಸರದು ಜಾಗ ಮಾಡಿದ್ರ ಸಾಕು. ಅವರ ಬಾಜೂಕ ಕುಂತು ನಮ್ಮವರೂ ಉಣ್ಣಲಿ.”