ಮಡಿಗೆ ಬಾರದ ಶಾಲು

ಶಾಲು ಕೊಡಿಸಲು ಅತ್ತೆಯನ್ನು ಕಾರಿನಲ್ಲಿ ಲಂಡನ್ನಿನ ಸೌತ್‌ಹಾಲ್ ಪೇಟೆಗೆ ಕರೆದುಕೊಂಡು ಹೊರಟೆ. ಬೆಳಗಿನ ತಿಂಡಿಯ ಹೊತ್ತಿಗೇ ನನ್ನ ಗಂಡ, ಮಗನ ದನಿ ಬಿಟ್ಟು, ಡಾಕ್ಟರ ದನಿಯಲ್ಲಿ ತೀರ್ಪು ಕೊಟ್ಟಾಗಿತ್ತು: ನಿನಗೆ ನ್ಯುಮೋನಿಯಾ ಈಗಷ್ಟೇ ಬಿಟ್ಟಿದೆ, ಬೆಚ್ಚಗೆ ಹೊದ್ದು ಕೂತರೆ ಪೂಜೆ, ಇಲ್ಲದಿದ್ದರೆ ಪೂಜೆ ಬಂದ್.

"ಹಂಗಾರ ನನಗ ಧಾರವಾಡಕ್ಕ ಟಿಕೆಟ್ ತಗಸು," ಎಂದಿದ್ದರು ಅತ್ತೆ. ಇಬ್ಬರೂ ಹೇಳಿದ್ದನ್ನು ಮಾಡಿಯೇ ತೀರುವವರು. ತಾಯಿ ಮಗನ ಜಗಳದಲ್ಲಿ ಸೊಸೆ ಬಡವಾದಳು.

ಹ್ಯಾರೋದ ನಮ್ಮ ಮನೆಯಲ್ಲಿ ದೇವರಿರುವುದು ಹಿಂಬದಿಯ ಗಾಜಿನ ಕೋಣೆಯಲ್ಲಿ. ಎಷ್ಟು ಹೀಟಿಂಗ್ ಹಾಕಿದರೂ ಅಲ್ಲಿ ಕಾಲು ಕೊರೆಯುತ್ತದೆ. ಅತ್ತೆ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ಮಡಿಯಲ್ಲಿ ಅಲ್ಲೇ ಕೂರುವುದು. ಮಡಿಗೆ ರೇಷ್ಮೆ, ಉಣ್ಣೆ ನಡೆಯುತ್ತದೆ. ಬೇರೆ ನೂಲು ಒಂದೆಳೆ ಬೆರೆತರೂ ಅವರ ಪ್ರಕಾರ ನಡೆಯದು. ಆದರೆ ಸರ್ಪಸುತ್ತು ಆಗಿ ಹೋದಮೇಲೆ ಅವರ ಕತ್ತಿಗೆ ಉಣ್ಣೆ ತಾಗಿದರೆ ಬೆಂಕಿ.

ಅಂಗಡಿಯವನು ಮೊದಲು ಹರಡಿದ್ದು ಅಪ್ಪಟ ಪಶ್ಮೀನಾ. ಅತ್ತೆ ಕುಚ್ಚಿನಿಂದ ಒಂದೆಳೆ ಕೀಳಿಸಿ, ಸುಡಿಸಿ, ಮೂಸಿ ನೋಡಿದರು. ಕೂದಲು ಸುಟ್ಟ ವಾಸನೆ ಬಂತು. "ಖರೇ ಉಣ್ಣಿ ಅದ," ಎಂದು ಹೊದ್ದುಕೊಂಡರು. ದವಡೆ ಬಿಗಿಯಿತು, ಕಣ್ಣಲ್ಲಿ ನೀರು ತುಂಬಿತು. ಶಾಲು ಮಾತ್ರ ತೆಗೆಯಲಿಲ್ಲ.

"ಚುಚ್ಚುತ್ತಾ ಅತ್ತೆ?"

"ಏನಿಲ್ಲ. ಇದ ಇರಲಿ."

"ಕಣ್ಣಲ್ಲಿ ನೀರು ಬರ್ತಿದೆ. ದಿನಾ ಹೇಗೆ ಹೊದ್ದುಕೊಂಡು ಕೂರ್ತೀರಿ?"

"ನೀ ಸುಮ್ಕಿರು."

ನನಗೆ ರೇಗಿತು. ಬರೀ ರೇಷ್ಮೆಯದು ತೆಗೆಸಿದೆ. ಮೆತ್ತಗೇನೋ ಇತ್ತು, ಆ ಕೋಣೆಯ ಚಳಿಗೆ ಏನೇನೂ ಸಾಲದು. ಕೊನೆಗೆ ದಪ್ಪನೆಯ ಇನ್ನೊಂದನ್ನು ನಾನೇ ಎಳೆದು ಅವರ ಹೆಗಲಿಗೆ ಹಾಕಿದೆ. ಅದರಲ್ಲಿ ವಿಸ್ಕೋಸ್ ಎಂಬ ಕೃತಕ ನೂಲೇ ಹೆಚ್ಚು, ಉಣ್ಣೆ ಹೆಸರಿಗಷ್ಟೇ ಎಂದು ಅಂಗಡಿಯವನು ಮುಚ್ಚಿಡದೆ ಹೇಳಿದ. ನಾನೂ ಅತ್ತೆಗೆ ಅದನ್ನೇ ಹೇಳಿದೆ.

ಅತ್ತೆ ಕಣ್ಣು ಮುಚ್ಚಿಕೊಂಡರು. ಬಿಗಿದಿದ್ದ ಭುಜ ಇಳಿಯಿತು. ಬೆರಳುಗಳು ಶಾಲಿನ ಅಂಚನ್ನು ಸವರುತ್ತಲೇ ಇದ್ದವು. ಇನ್ನೇನು ಧಾರವಾಡದ ಟಿಕೆಟ್ಟಿನ ಮಾತು ಬಂದೇಬಿಡುತ್ತದೆ ಎಂದುಕೊಂಡೆ.

"ಇದು ಮಡಿಗೆ ಬರಂಗಿಲ್ಲ," ಎಂದರು. ಆಮೇಲೆ ನನ್ನ ಮುಖ ನೋಡದೆ, "ಇದನ್ನ ಕಟ್ಟಸು. ನಾಳಿಂದ ಪೂಜಾ ನೀ ಮಾಡು. ನಾ ದೂರ ಕೂತು ಹಾಡು ಹೇಳ್ತೀನಿ."

ನಾನು ಬಯಸಿದ್ದೂ ಇದೇ ಶಾಲು. ಆದರೂ ಕಟ್ಟಲು ಕೊಡುವ ಮುನ್ನ ಇನ್ನೊಮ್ಮೆ ಆ ಪಶ್ಮೀನಾದತ್ತ ನೋಡಿದೆ.

ಮರುದಿನ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ಹೂವಿನ ತಟ್ಟೆ ಹಿಡಿದು ಬಂದೆ. ಅತ್ತೆ ಗಾಜಿನ ಕೋಣೆಯ ಬಾಗಿಲ ಬಳಿ ಕುರ್ಚಿಯಲ್ಲಿ ಬೆಚ್ಚಗೆ ಕೂತಿದ್ದರು. ಮದುವೆಯಾದಾಗಿನಿಂದ ಪೂಜೆಯ ಹೊತ್ತಿನಲ್ಲಿ ಅವರಿಗೆ ತಾಗದಂತೆ ಗೋಡೆಗೆ ಅಂಟಿ ನಡೆದವಳು ನಾನು. ಈಗ ನಾನು ಹತ್ತಿರ ಬಂದದ್ದು ಕಂಡು ಅತ್ತೆ ಶಾಲಿನ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಲು ಹಿಂದಕ್ಕೆ ಸರಿಸಿ, ದಾರಿ ಬಿಟ್ಟರು.

"ಸಾವಕಾಶ ಹೋಗು," ಎಂದರು. "ನೀ ಮಡೀಲೆ ಇದ್ದಿ. ನನ್ನ ಮುಟ್ಟಬ್ಯಾಡ."