ಮ್ಯಾಮೋಗ್ರಾಂನಲ್ಲಿ ಕಂಡ ಬಿಳಿ ಚುಕ್ಕೆಗಳು

ನಾನು ಹನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವುದು ನನ್ನ ಜಾಯಮಾನ. ಹಾಗಾಗಿ ಇದನ್ನು ಬರೆಯಲು ನನಗೇ ನಾಚಿಕೆ. ಆದರೆ ನಡೆದದ್ದು ನಡೆದದ್ದೇ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾಲ್ಕು ವರ್ಷದ ಹಿಂದೆ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ನಮ್ಮವ್ವ ಹೋದದ್ದು ಇದರಿಂದಲೇ. ನಮ್ಮೂರು ಶಾಗ್ಯದ ಮನೆಯಲ್ಲಿ ಒಂದು ವರ್ಷ ಯಾರಿಗೂ ಹೇಳದೆ, ಪೂಜೆ ಮುಗಿಸಿ ಹಣೆಗೆ ಹಚ್ಚಿಕೊಂಡ ವಿಭೂತಿಯನ್ನೇ ಗಂಟಿನ ಮೇಲೂ ಬಳಿದುಕೊಂಡು, ಸೆರಗು ಮುಚ್ಚಿ ಓಡಾಡಿದಳು. ನಮಗೆ ಗೊತ್ತಾಗುವಷ್ಟರಲ್ಲಿ ಕೈ ಮೀರಿತ್ತು. ಆ ಸಿಟ್ಟಿಗೆ ನಾನು ವಿಭೂತಿ ಮುಟ್ಟುವುದನ್ನೇ ಬಿಟ್ಟೆ. ನನ್ನ ಬಾಡಿಗೆ ಮನೆಯಲ್ಲಿ ಒಂದು ವಿಭೂತಿ ಗಟ್ಟಿಯೂ ಇರಲಿಲ್ಲ.

ಅವ್ವ ಮಾಡಿದ್ದನ್ನು ನಾನು ಮಾಡುವುದಿಲ್ಲ ಎಂದು ಹಟ ತೊಟ್ಟು, ಎರಡೇ ದಿನದಲ್ಲಿ ರಜೆ ಹಾಕಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಗರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕನಿಗೆ ಸ್ಕ್ಯಾನಿಂಗ್ ಸೆಂಟರಿಗೆ ಬರಲು ಫೋನ್ ಮಾಡಿದ್ದೆ. ಅವಳು ಬಾಗಿಲಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ನನ್ನನ್ನು ಒಳಗೆ ಕರೆದರು. ಒಂದು ಮಾತೂ ಆಡಲಾಗಲಿಲ್ಲ.

ಎದೆಯನ್ನು ಯಂತ್ರದ ಎರಡು ಹಲಗೆಗಳ ನಡುವೆ ಅದುಮಿ ಚಿತ್ರ ತೆಗೆದರು. ಡಾಕ್ಟರಮ್ಮ ಪರದೆ ನೋಡಿ ಗಂಭೀರವಾದರು. ಗಂಟಿನ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಚುಕ್ಕೆಗಳು, ರವೆ ಚೆಲ್ಲಿದ ಹಾಗೆ. ಕ್ಯಾನ್ಸರಿನಲ್ಲೂ ಸುಣ್ಣದ ಕಣಗಳು ಹೀಗೇ ಗುಂಪುಗೂಡುತ್ತವಂತೆ. "ಮುಂದೇನು ಮಾಡಬೇಕು ಹೇಳಿ" ಎಂದೆ.

"ಮೈಗೆ ಪೌಡರ್ ಹಾಕಿದ್ದೀರಾ? ವಿಭೂತಿ ಏನಾದ್ರೂ? ಅದೂ ಹೀಗೇ ಕಾಣ್ಸುತ್ತೆ" ಎಂದರು ಅವರು.

ಬೆಳಗ್ಗೆ ಸೋಪು ಹಾಕಿ ಸ್ನಾನ ಮಾಡಿದ್ದೇನೆ, ಏನೂ ಹಚ್ಚಿಲ್ಲ ಎಂದೆ. ಅವರು ಒದ್ದೆ ಹತ್ತಿಯಲ್ಲಿ ಒರೆಸಿ ತೋರಿಸಿದರು. ಹತ್ತಿಗೆ ಬೆಳ್ಳಗೆ ಬೂದಿ ಮೆತ್ತಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ವಿಭೂತಿಯೇ. ಮತ್ತೆ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಗಂಟು ಬರೀ ನೀರು ತುಂಬಿದ ಗುಳ್ಳೆ ಎಂದು ಅಲ್ಟ್ರಾಸೌಂಡಿನಲ್ಲಿ ಗೊತ್ತಾಯಿತು.

ಖುಷಿಪಡುವುದು ಬಿಟ್ಟು ಹೊರಗೆ ಬಂದು ಅಕ್ಕನ ಮೇಲೆ ಹರಿಹಾಯ್ದೆ. ಹರಕೆ ಹೊರುವುದರಲ್ಲಿ ಅವಳದು ಎತ್ತಿದ ಕೈ.

"ನಿನ್ದೇ ಕೆಲ್ಸ ಇದು. ನಂಗೆ ಯಾವಾಗ ಹಚ್ದೆ ಈಬೂತಿಯ?"

"ನಾನ್ಯಾಕೆ ಹಚ್ಲೇ? ದೀಪಾವಳಿ ಆದ್ಮೇಲೆ ನಿನ್ ಮಕ ನೋಡ್ತಿರದೇ ಇವತ್ತು!"

ಅದೂ ನಿಜವೇ. ನಾಲಗೆ ಕಚ್ಚಿಕೊಂಡು, ಒಳಗೆ ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಳಿಚಿಕೊಂಡಿತು.

"ಯಾವ್ ಕಡೆ ಇತ್ತು?"

"ಎಡಗಡೆ."

ಅವಳು ಅಳತೊಡಗಿದಳು. "ನಂಗೂ ಅಲ್ಲೇ ಗಂಟದೆ ಕಣೇ. ಎಂಟ್ ತಿಂಗ್ಳಾತು. ದಿನಾ ಈಬೂತಿ ಹಚ್ಕತಾ ಇವ್ನಿ. ಯಾರ್ಗೂ ಏಳ್ಬ್ಯಾಡ."

ನನಗೂ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ರಟ್ಟೆ ಹಿಡಿದು ಎಬ್ಬಿಸಿ ಕೌಂಟರಿನಲ್ಲಿ ಅವಳ ಹೆಸರು ಬರೆಸಿದೆ. "ನಮ್ಮನೆಯವ್ರನ್ನ ಒಂದ್ ಮಾತು ಕೇಳ್ಬೇಕು" ಎಂದು ಕೊಸರಾಡಿದಳು. "ಮಿಷಿನ್ ಮುಂದೆ ನಿಂತ್ಕಂಡು ಬಾ, ಆಮೇಲ್ ಕೇಳು" ಎಂದೆ. ಜೊತೆಗೆ ಒಳಗೆ ಹೋಗಿ ನಾನೇ ಅವಳ ಎದೆಯ ಮೇಲಿನ ವಿಭೂತಿಯನ್ನು ಚೆನ್ನಾಗಿ ತೊಳೆದೆ. ಅವಳ ಚಿತ್ರದಲ್ಲಿ ಕಂಡದ್ದು ತೊಳೆದರೆ ಹೋಗುವಂಥದ್ದಾಗಿರಲಿಲ್ಲ.

ಮೈಸೂರಿನಲ್ಲಿ ಆಪರೇಷನ್ ಆಯಿತು. ಔಷಧಿಗೆ ಕೂದಲೆಲ್ಲ ಉದುರಿ, ಮತ್ತೆ ಬಂತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು. ಈಗ ವರ್ಷಕ್ಕೊಮ್ಮೆ ಇಬ್ಬರೂ ತಪಾಸಣೆಗೆ ಹೋಗುತ್ತೇವೆ. ಅವಳು ನೆಪ ಹೇಳಿದರೆ ನಾನು ಅಗರಕ್ಕೇ ಹೋಗಿ ಎಳೆದುಕೊಂಡು ಬರುತ್ತೇನೆ.

ಆ ಬೂದಿ ನನ್ನ ಮೈಗೆ ಹೇಗೆ ಬಂತು ಎಂದು ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಟವೆಲ್ಲು, ಬಸ್ಸಿನ ಸೀಟು, ಆಸ್ಪತ್ರೆಯ ಗೌನು ಎಂದು ಒಂದೊಂದನ್ನೇ ಯೋಚಿಸಿದ್ದೂ ಆಯಿತು. ಯಾವುದೂ ಒಪ್ಪಿಗೆಯಾಗುವುದಿಲ್ಲ. ಅಕ್ಕ ಮಾತ್ರ ಅವ್ವನೇ ಹಚ್ಚಿದ್ದು ಎನ್ನುತ್ತಾಳೆ, ನಾನು ಬೈದು ಸುಮ್ಮನಾಗಿಸುತ್ತೇನೆ.

ಹೋದ ಸಲ ತಪಾಸಣೆ ಮುಗಿಸಿ ಬರುವಾಗ ಮತ್ತೆ ಕೇಳಿದಳು. "ಕೆಟ್ ಗಂಟು ಇದ್ದಿದ್ದು ನಂಗೆ. ಅವ್ವ ಅಲ್ದಿದ್ರೆ, ನನ್ ಈಬೂತಿ ನಿನ್ ಮೈಮ್ಯಾಲೆ ಎಂಗೇ ಬಂತು?"

"ಗೊತ್ತಿಲ್ಲ ಕಣಕ್ಕ" ಎಂದೆ. ಬೈಯಲು ಬಾಯಿ ಬರಲಿಲ್ಲ.